ಇಡೀ ಮನೆಯೇ ಎಲಿಮಿನೇಟ್ ಆದ ಸೀಸನ್

ಕನ್ನಡದ ಬಿಗ್ ಬಾಸ್ ಹನ್ನೆರಡನೆಯ ಸೀಸನ್ನಿನಲ್ಲಿ ಮುಖವಾಡವಿಲ್ಲದೆ ಆಡಿದವರು ಯಾರೆಂದು ಕೇಳಿದರೆ, ಬಿಡದಿಯ ಆ ಆವರಣದ ಕೊಳಚೆ ನೀರು ಎಂದೇ ಹೇಳಬೇಕಾಗುತ್ತದೆ. ಉಳಿದವರೆಲ್ಲ ಕ್ಯಾಮೆರಾ ಯಾವ ಮೂಲೆಯಲ್ಲಿದೆಯೆಂದು ನೋಡಿಕೊಂಡು ಕಣ್ಣೀರು ಹಾಕುತ್ತಿದ್ದಾಗ, ಮಾಲಿನ್ಯ ನಿಯಂತ್ರಣ ಮಂಡಳಿಯ ಮಾತನ್ನು ನಂಬುವುದಾದರೆ, ಅದೊಂದು ಮಾತ್ರ ಯಾವ ಸಂಸ್ಕರಣೆಗೂ ಒಳಗಾಗದೆ ಸಹಜವಾಗಿ ಹೊರಹರಿಯುತ್ತಿತ್ತು.

2025ರ ಸೆಪ್ಟೆಂಬರ್ 28ರಂದು ಆರಂಭವಾದ ಆಟಕ್ಕೆ ಅಕ್ಟೋಬರ್ 7ರಂದು ಮಂಡಳಿ ವೈಲ್ಡ್ ಕಾರ್ಡ್ ಪ್ರವೇಶ ಪಡೆಯಿತು. ಬಿಗ್ ಬಾಸ್ ಮನೆಯಿದ್ದ ಜಾಲಿವುಡ್ ಸ್ಟುಡಿಯೋಗೆ ಬೀಗಮುದ್ರೆ ಬಿತ್ತು. ವಾರಕ್ಕೊಬ್ಬರನ್ನು ಮನೆಗೆ ಕಳುಹಿಸಲು ನಾಡಿನ ಮುಂದೆ ಮತಕ್ಕಾಗಿ ಕೈಚಾಚುವ ಕಾರ್ಯಕ್ರಮದಲ್ಲಿ, ಒಂದೇ ಒಂದು ನೋಟಿಸಿಗೆ ಇಡೀ ಮನೆ ಎಲಿಮಿನೇಟ್ ಆಯಿತು. ನಾಮಿನೇಷನ್‌ಗೆ ಕೊಟ್ಟ ಕಾರಣವೂ ‘ಇವರು ನನ್ನ ಜೊತೆ ಸರಿಯಾಗಿ ಬೆರೆಯುತ್ತಿಲ್ಲ’ ಎಂಬಂಥದ್ದಲ್ಲ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಡಿ ಪಡೆಯಬೇಕಿದ್ದ ಅನುಮತಿಯನ್ನು ಸ್ಟುಡಿಯೋ ಪಡೆದಿಲ್ಲ ಎಂಬುದು. ಇಷ್ಟು ಸ್ಪಷ್ಟವಾದ ಕಾರಣವನ್ನು ಆ ಕನ್ಫೆಷನ್ ರೂಮು ಅದುವರೆಗೆ ಕೇಳಿರಲಾರದು.

ಗಮನಿಸಬೇಕಾದದ್ದು ಆ ಮನೆಯ ಕಾವಲು. ಯಾರು ಯಾರ ಕಿವಿಯಲ್ಲಿ ಏನು ಉಸುರಿದರು, ಮಧ್ಯರಾತ್ರಿ ಯಾರು ಮುಸುಕಿನೊಳಗೆ ಬಿಕ್ಕಿದರು, ಎಲ್ಲಕ್ಕೂ ದಾಖಲೆಯಿದೆ. ಪಾತ್ರೆ ತೊಳೆಯುವ ಪಾಳಿ ಯಾರದೆಂಬ ಜಗಳ ಜಾಹೀರಾತುಗಳ ನಡುವೆ ಅರ್ಧ ಗಂಟೆ ನಡೆದು, ವಾರಾಂತ್ಯದಲ್ಲಿ ನಿರೂಪಕ ಸುದೀಪ್ ಅವರ ಮುಂದೆ ವಿಚಾರಣೆಗೂ ಬರುತ್ತದೆ. ಆದರೆ ತೊಳೆದ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ನೋಡಲು ಒಂದು ಕ್ಯಾಮೆರಾವನ್ನೂ ಇಟ್ಟಂತಿಲ್ಲ.

ಸ್ಪರ್ಧಿಗಳನ್ನು ಈಗಲ್‌ಟನ್ ರೆಸಾರ್ಟಿಗೆ ಸಾಗಿಸಲಾಯಿತು. ಹೊರಜಗತ್ತಿನ ಸುದ್ದಿಯಿಲ್ಲದ ಅವರಲ್ಲಿ ಯಾರಾದರೂ ಇದನ್ನೂ ಒಂದು ಟಾಸ್ಕೆಂದು ಭಾವಿಸಿ, ರೆಸಾರ್ಟಿನಲ್ಲಿ ಕ್ಯಾಪ್ಟನ್ ಪಟ್ಟಕ್ಕಾಗಿ ಕಾದಾಡಲು ಸಿದ್ಧರಾಗಿದ್ದರೆ ಅವರನ್ನು ದೂರುವಂತಿಲ್ಲ. (ರೆಸಾರ್ಟ್ ವಾಸವನ್ನು ಅಧಿಕಾರದ ಆಟದ ಭಾಗವೆಂದು ತಿಳಿಯುವುದು ನಮ್ಮ ರಾಜ್ಯದಲ್ಲಿ ಅಸಹಜವೂ ಅಲ್ಲ.)

ಅಷ್ಟರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಬೀಗಮುದ್ರೆ ತೆರವುಗೊಳಿಸಲು ಜಿಲ್ಲಾಧಿಕಾರಿಗೆ ಸೂಚಿಸಿದರು. ಪರಿಸರ ನಿಯಮ ಪಾಲನೆಯೇ ಆದ್ಯತೆಯೆಂದೂ, ಲೋಪ ಸರಿಪಡಿಸಿಕೊಳ್ಳಲು ಸ್ಟುಡಿಯೋಗೆ ಕಾಲಾವಕಾಶವೆಂದೂ ತಿಳಿಸಿದರು. ಅಕ್ಟೋಬರ್ 9ರ ಬೆಳಕು ಹರಿಯುವ ಹೊತ್ತಿಗೆ ಮನೆಮಂದಿ ಮನೆ ಸೇರಿದ್ದರು. ಸರ್ಕಾರಿ ಕಡತವೊಂದು ರಾತ್ರೋರಾತ್ರಿ ಎದ್ದು ಓಡಿದ ಈ ದೃಶ್ಯವನ್ನು ವಾಹಿನಿಯವರು ಪ್ರಸಾರ ಮಾಡದೇ ಹೋದದ್ದು ದೊಡ್ಡ ನಷ್ಟ. ಇದೇ ಮಂಡಳಿಯಿಂದ ಬೀಗ ಹಾಕಿಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಸಣ್ಣ ಕಾರ್ಖಾನೆಗಳ ಮಾಲೀಕರು ಇನ್ನು ಮುಂದೆ ವಕೀಲರ ಬದಲು ಒಬ್ಬ ಜನಪ್ರಿಯ ನಿರೂಪಕರನ್ನು ಗೊತ್ತುಮಾಡಿಕೊಳ್ಳುವುದು ಲೇಸು.