ಸೇನೆ ಹೆಚ್ಚಿಸಿದ್ದು ಯಾತಕ್ಕೆ, ಅದನ್ನು ಮೊದಲು ಹೇಳಿ

ನಿನ್ನೆ ರಾತ್ರಿ ಟಿವಿ ಚರ್ಚೆಯೊಂದರಲ್ಲಿ ಭದ್ರತಾ ತಜ್ಞರೆನಿಸಿಕೊಂಡ ಮಹನೀಯರೊಬ್ಬರು, 2007ರಲ್ಲಿ ಅಮೆರಿಕ ಇರಾಕಿಗೆ ಹೆಚ್ಚುವರಿ ಸೇನೆ ಕಳಿಸಿ ಗೆದ್ದಿತೆಂದು ಒಂದೇ ವಾಕ್ಯದಲ್ಲಿ ಹೇಳಿ ನೀರು ಕುಡಿದರು. ನಿರೂಪಕರೂ ತಲೆಯಾಡಿಸಿ ಮುಂದೆ ಹೋದರು. ಈ ವಿಷಯ ಬಂದರೆ ನನ್ನ ಪಿತ್ತ ನೆತ್ತಿಗೇರುತ್ತದೆಂಬುದು ಇಲ್ಲಿನ ಹಳೆಯ ಗೆಳೆಯರಿಗೆ ಗೊತ್ತೇ ಇದೆ.

ಸೇನೆ ಹೆಚ್ಚಿಸಿದ್ದು ಯಾತಕ್ಕೆ? ಆ ವರ್ಷದ ಜನವರಿ 10ರ ಭಾಷಣದಲ್ಲಿ ಜಾರ್ಜ್ ಬುಷ್ ಅವರೇ ಬಿಡಿಸಿ ಹೇಳಿದ್ದರು: 20 ಸಾವಿರಕ್ಕೂ ಹೆಚ್ಚು ಸೈನಿಕರು ಹೋಗಿ ಬಾಗ್ದಾದನ್ನು ಹತೋಟಿಗೆ ತಂದರೆ, ಇರಾಕಿನ ಪ್ರಧಾನಿ ನೂರಿ ಅಲ್-ಮಾಲಿಕಿ ಸರ್ಕಾರಕ್ಕೆ ಉಸಿರಾಡಲು ಬಿಡುವು ಸಿಕ್ಕಿ, ತೈಲದ ಆದಾಯ ಹಂಚುವ ಕಾನೂನು, ಪ್ರಾಂತೀಯ ಚುನಾವಣೆ, ಶಿಯಾ-ಸುನ್ನಿ ಪಂಗಡಗಳ ನಡುವಿನ ರಾಜಿ ಎಲ್ಲವೂ ಆಗುತ್ತವೆ ಎಂದು. ಸೆಪ್ಟೆಂಬರ್ ಹೊತ್ತಿಗೆ ಅಳತೆಗೋಲೇ ಬದಲಾಗಿತ್ತು. ಇರಾಕಿನಲ್ಲಿದ್ದ ಪಡೆಗಳ ದಂಡನಾಯಕ ಜನರಲ್ ಡೇವಿಡ್ ಪೆಟ್ರೇಯಸ್ ಅಮೆರಿಕದ ಸಂಸದರ ಮುಂದೆ ಹಿಂಸೆ ಇಳಿದ ನಕ್ಷೆಗಳನ್ನು ತೋರಿಸಿದರು. ಅದೇ ತಿಂಗಳು ಸಂಸತ್ತಿನದೇ ಲೆಕ್ಕಪರಿಶೋಧನಾ ಸಂಸ್ಥೆಯು ಇರಾಕ್ ಸರ್ಕಾರಕ್ಕೆ ಗೊತ್ತುಮಾಡಿದ್ದ 18 ಗುರಿಗಳಲ್ಲಿ ಪೂರ್ತಿ ಈಡೇರಿದ್ದು 3, ಅರೆಬರೆ ಈಡೇರಿದ್ದು 4, ಉಳಿದ 11 ಈಡೇರಿಲ್ಲ ಎಂದು ವರದಿ ಕೊಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದು, ಎಮ್ಮೆ ಚೆನ್ನಾಗಿದೆ ನೋಡಿ ಎಂದು ತೋರಿಸಿದ ಹಾಗಾಯಿತು.

ಸಂಸದರ ಚರ್ಚೆಯಾದರೂ ಹೇಗಿತ್ತು! ಏಪ್ರಿಲ್‌ನಲ್ಲಿ ಸೇನೆ ಹೆಚ್ಚಳದ ಬೆಂಬಲಿಗರಾದ ಸೆನೆಟರ್ ಜಾನ್ ಮೆಕೇನ್ ಮತ್ತವರ ಸಂಗಡಿಗರು ಗುಂಡುನಿರೋಧಕ ಅಂಗಿ ತೊಟ್ಟು, ಸುತ್ತ ಸೈನಿಕರು, ತಲೆಯ ಮೇಲೆ ಹೆಲಿಕಾಪ್ಟರ್ ಇಟ್ಟುಕೊಂಡು ಬಾಗ್ದಾದಿನ ಶೋರ್ಜಾ ಮಾರುಕಟ್ಟೆ ಸುತ್ತಿದರು. ಅವರಲ್ಲೊಬ್ಬರಾದ ಮೈಕ್ ಪೆನ್ಸ್ ಅದನ್ನು ಇಂಡಿಯಾನಾದ ಬೇಸಿಗೆ ಸಂತೆಗೆ ಹೋಲಿಸಿದರು. ಎದುರಿನ ಪಾಳೆಯದ, ಎಂದರೆ ಯುದ್ಧ ವಿರೋಧಿಗಳ, ಗುಂಪೊಂದು ಜನರಲ್ ಪೆಟ್ರೇಯಸ್ ಹೆಸರನ್ನೇ ತಿರುಚಿ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿತು, ಅದನ್ನು ಖಂಡಿಸಲು ಸೆನೆಟ್ ಹತ್ತೇ ದಿನಗಳಲ್ಲಿ ಮತ ಹಾಕಿತು. ಇರಾಕಿನ ತೈಲ ಕಾನೂನು ಮಾತ್ರ ವರ್ಷಗಟ್ಟಲೆ ಕೊಳೆಯಿತು.

ಹಿಂಸೆ ಇಳಿದದ್ದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ, ಇಳಿಯಿತು. ಆದರೆ ಪಶ್ಚಿಮ ಇರಾಕಿನ ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟು ಮುಖಂಡರು ಅಲ್-ಖೈದಾ ವಿರುದ್ಧ ತಿರುಗಿಬಿದ್ದದ್ದು 2006ರಲ್ಲೇ. ಶಿಯಾ ಧರ್ಮಗುರು ಮುಕ್ತದಾ ಅಲ್-ಸದರ್ ತನ್ನ ಪಡೆಗೆ ಕದನವಿರಾಮ ಸಾರಿದ್ದು 2007ರ ಆಗಸ್ಟ್‌ನಲ್ಲಿ. ಬಾಗ್ದಾದಿನ ಎಷ್ಟೋ ಬಡಾವಣೆಗಳಲ್ಲಿ ಓಡಿಸಬೇಕೆಂದಿದ್ದ ಬೇರೆ ಪಂಗಡದ ನೆರೆಯವರನ್ನು ಆಗಲೇ ಓಡಿಸಿಯಾಗಿತ್ತು, ಉಳಿದ ಕಡೆ ಕಾಂಕ್ರೀಟ್ ಗೋಡೆಗಳೆದ್ದಿದ್ದವು. ಸೈನಿಕರ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈಡೇರದ ಆ 11 ಗುರಿಗಳಿಗೆ ಇದು ಉತ್ತರವೇ?

ನಿಜ ಹೇಳಬೇಕೆಂದರೆ ಪೆಟ್ರೇಯಸ್ ಮೇಲೆ ನನಗೆ ಸಿಟ್ಟಿಲ್ಲ. ಇದರಿಂದ ಅಮೆರಿಕ ಹೆಚ್ಚು ಸುರಕ್ಷಿತವಾಗುತ್ತದೆಯೇ ಎಂದು ಸೆನೆಟರ್ ಜಾನ್ ವಾರ್ನರ್ ಪಟ್ಟು ಹಿಡಿದು ಕೇಳಿದಾಗ, ನನಗೆ ಗೊತ್ತಿಲ್ಲ ಎಂದು ಆತ ಹೇಳಿದರು. ಅಷ್ಟು ಹೇಳುವ ಧೈರ್ಯ ನಮ್ಮ ಟಿವಿ ತಜ್ಞರಲ್ಲಿ ಯಾರಿಗಿದೆ? ರಾಜಿ ಆಗಲಿಲ್ಲ, ಮಾಲಿಕಿ ಸುನ್ನಿಗಳನ್ನು ದೂರ ತಳ್ಳುತ್ತಲೇ ಹೋದರು, 2014ರ ಜೂನ್‌ನಲ್ಲಿ ಐಸಿಸ್ ಉಗ್ರರು ಇರಾಕಿನ ಮೋಸುಲ್ ನಗರವನ್ನು ಕೆಲವೇ ದಿನಗಳಲ್ಲಿ ವಶಪಡಿಸಿಕೊಂಡರು. ಆ ತಜ್ಞರ ಗೆಲುವಿನ ಲೆಕ್ಕದಲ್ಲಿ ಮೋಸುಲ್ ಯಾವ ಕಲಮಿನಲ್ಲಿದೆಯೋ, ಗೊತ್ತಿದ್ದವರು ತಿಳಿಸಿ.