ಪೈಪು ಅವರದು, ಸೊಪ್ಪು ನಮ್ಮದು

ಪೈಪು ಸೇದುವವರಲ್ಲಿ ಒಂದು ಸ್ಪರ್ಧೆ ಇದೆ. ಎಲ್ಲರಿಗೂ ಒಂದೇ ಥರದ ಪೈಪು, ತೂಗಿ ಕೊಟ್ಟ 3 ಗ್ರಾಂ ತಂಬಾಕು, ಎರಡೇ ಬೆಂಕಿಕಡ್ಡಿ. ತುಂಬಿಕೊಳ್ಳಲು 5 ನಿಮಿಷ, ಹಚ್ಚಿಕೊಳ್ಳಲು 1 ನಿಮಿಷ. ಆಮೇಲೆ ಕಡ್ಡಿ ಗೀರುವಂತಿಲ್ಲ. ಯಾರ ಪೈಪು ಎಲ್ಲರಿಗಿಂತ ಜಾಸ್ತಿ ಹೊತ್ತು ಆರದೆ ಉಳಿಯುತ್ತದೋ ಅವರು ಗೆದ್ದ ಹಾಗೆ. ಎರಡು ಗಂಟೆ ಎಳೆಯುವವರಿದ್ದಾರೆ, ಮೂರು ಗಂಟೆ ದಾಟಿಸಿದ ಚಾಂಪಿಯನ್ನರೂ ಇದ್ದಾರೆ.

ಒಂದು ಬೀಡಿಯಲ್ಲಿ ಇರೋದು ಹೆಚ್ಚುಕಮ್ಮಿ ಕಾಲು ಗ್ರಾಂ ತಂಬಾಕು. ಅಂದರೆ ಆ 3 ಗ್ರಾಮಿಗೆ ಸುಮಾರು ಅರ್ಧ ಕಟ್ಟು ಬೀಡಿ. ಅಷ್ಟನ್ನು ನಮ್ಮೂರ ಅರಳಿಕಟ್ಟೆ ಮೇಲೂ ಮೂರು ಗಂಟೆಯಲ್ಲಿ ಮುಗಿಸುವವರು ಇದ್ದಾರೆ, ಅದೇನು ದೊಡ್ಡ ವಿಷಯವಲ್ಲ. ಆದರೆ ಅಲ್ಲಿ ಯಾರ ಗಮನವೂ ಬೀಡಿ ಮೇಲೆ ಇರಲ್ಲ. ಮಾತಿನ ಮೇಲೆ ಇರುತ್ತದೆ, ಪಂಚಾಯ್ತಿ ಎಲೆಕ್ಷನ್ ಮೇಲೆ ಇರುತ್ತದೆ, ಪಕ್ಕದವನ ಜಮೀನಿನ ಮೇಲೆ ಇರುತ್ತದೆ. ಬೀಡಿ ತನ್ನ ಪಾಡಿಗೆ ತಾನು ಉರಿದು ಹೋಗುತ್ತದೆ. ಇಲ್ಲಿನವರು ಬಾಯಿ ಮುಚ್ಚಿಕೊಂಡು, ಪೈಪಿನ ಬಟ್ಟಲನ್ನೇ ನೋಡುತ್ತಾ ಕೂರುತ್ತಾರೆ.

ಇಲ್ಲಿ ಅಂದರೆ ಡೆನ್ಮಾರ್ಕಿನ ಕೋಪನ್‌ಹೇಗನ್. ನನ್ನ ಊರು ಹುಣಸೂರು ಕಡೆ. ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಹಾಗಾಗಿ ಇಲ್ಲಿ ಪೈಪು ಸೇದುವವರ ಒಂದು ಕೂಟ ಇದೆ ಅಂತ ಗೊತ್ತಾದಾಗ, ಹೋಗಿ ನೋಡದೆ ಇರೋಕೆ ಆಗಲಿಲ್ಲ. ಈಗ ಅಪರೂಪಕ್ಕೆ ನಾನೂ ಒಂದು ಪೈಪು ಹಚ್ಚುತ್ತೇನೆ. ಮನೆಯಾಕೆಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಚಳಿಯಿರಲಿ ಮಳೆಯಿರಲಿ, ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಅನ್ನೋದು ಕರಾರು.

ಈ ಕೂಟದ ಜನರನ್ನು ನೋಡಿ ನನಗೆ ಅನ್ನಿಸಿದ್ದು ಇಷ್ಟು. ಇವರಿಗೆ ಮರ ಚೆನ್ನಾಗಿ ಗೊತ್ತು, ಬೆಂಕಿ ಗೊತ್ತು, ಪೈಪು ಮಾಡಿದವನ ಹೆಸರು, ಅವನ ಗುರುವಿನ ಹೆಸರು ಎಲ್ಲ ಗೊತ್ತು. ಸೊಪ್ಪು ಮಾತ್ರ ಗೊತ್ತಿಲ್ಲ. ನಮ್ಮ ಕಡೆ ಸೊಪ್ಪನ್ನು ಮುಟ್ಟಿದರೆ ಸಾಕು, ಎಷ್ಟನೇ ಕಟಾವಿನದು, ಯಾವ ದರ್ಜೆ ಅಂತ ಕಣ್ಣು ಮುಚ್ಚಿಕೊಂಡು ಹೇಳುವವರಿದ್ದಾರೆ. ಆದರೆ ಅದನ್ನು ಸೇದುವುದರಲ್ಲಿ ನಮಗೆ ಯಾವ ಮರ್ಯಾದೆಯೂ ಇಲ್ಲ.

ಮೊದಲು ಮರದ ವಿಷಯ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಡೇನಿಶ್ ಜನರನ್ನು ಮೆಚ್ಚಲೇಬೇಕು. ಒಳ್ಳೆ ಪೈಪು ಆಗೋದು ಬ್ರಯರ್ ಅನ್ನುವ ಗಿಡದಿಂದ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ, ಇಟಲಿ, ಕಾರ್ಸಿಕಾ, ಗ್ರೀಸ್, ಅಲ್ಜೀರಿಯಾದ ಒಣ ಗುಡ್ಡಗಳಲ್ಲಿ ಬೆಳೆಯುವ ಪೊದೆ ಅದು. ಬೇರಿಗೂ ಕಾಂಡಕ್ಕೂ ಮಧ್ಯೆ ಅದಕ್ಕೆ ಒಂದು ಗಂಟು ಕಟ್ಟುತ್ತದೆ. ದೊಡ್ಡ ಗಂಟು ಕಟ್ಟಲು ಹತ್ತಾರು ವರ್ಷ ಬೇಕು. ಅದನ್ನು ಅಗೆದು, ಕೊಯ್ದು, ಗಂಟೆಗಟ್ಟಲೆ ಕುದಿಸಿ ಒಳಗಿನ ಒಗರು ತೆಗೆದು, ತಿಂಗಳಾನುಗಟ್ಟಲೆ, ಕೆಲವರು ವರ್ಷಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಬೆಂಕಿ ತಡೆಯುವ ಶಕ್ತಿ ಇರೋದು ಆ ಗಂಟಿಗೆ.

ಡೆನ್ಮಾರ್ಕಿನಲ್ಲಿ ಈ ಗಿಡ ಬೆಳೆಯುವುದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ದೇಶ ಹಿಡಿದಾಗ ಬ್ರಯರ್ ಬರೋದು ನಿಂತುಹೋಯಿತು. ಆಗ 1942ರಲ್ಲಿ ಪೌಲ್ ನೀಲ್ಸೆನ್ ಅನ್ನುವವರು ಇಲ್ಲೇ ಸಿಗುವ ಬೀಚ್ ಮರದಲ್ಲಿ ಪೈಪು ಮಾಡೋಕೆ ಶುರು ಮಾಡಿದರು. ಯುದ್ಧ ಮುಗಿದ ಮೇಲೆ ಬೀಚ್ ಪೈಪು ಯಾರಿಗೆ ಬೇಕು? ಅವರು ಬ್ರಯರ್‌ಗೆ ಬದಲಾಯಿಸಿಕೊಂಡರು, ಕಂಪನಿಗೆ ಸ್ಟಾನ್‌ವೆಲ್ ಅಂತ ಇಂಗ್ಲಿಷಿನ ಥರದ ಹೆಸರಿಟ್ಟರು. ಅದೇ ಕಾಲದಲ್ಲಿ ಸಿಕ್ಸ್‌ಟೆನ್ ಇವಾರ್ಸನ್ ಅನ್ನುವ ಸ್ವೀಡನ್ನಿನವರು ಕೋಪನ್‌ಹೇಗನ್ನಿನಲ್ಲಿ ಮುರಿದ ಪೈಪು ರಿಪೇರಿ ಮಾಡಿಕೊಂಡಿದ್ದರು. ರಿಪೇರಿ ಮಾಡ್ತಾ ಮಾಡ್ತಾ ಸ್ವಂತದ್ದು ಮಾಡತೊಡಗಿದರು. ಕಾರ್ಖಾನೆಯವರು ಆಕಾರ ಮೊದಲೇ ಗೊತ್ತು ಮಾಡಿಕೊಂಡು ಮರವನ್ನು ಅದಕ್ಕೆ ಬಗ್ಗಿಸುತ್ತಿದ್ದರು. ಇವರು ಮರದ ಗೆರೆ ಯಾವ ಕಡೆ ಓಡುತ್ತದೆ ನೋಡಿ, ಪೈಪನ್ನು ಆ ಕಡೆ ತಿರುಗಿಸಿದರು. ಡೇನಿಶ್ ಪೈಪು ಅಂತ ಪ್ರಪಂಚದಲ್ಲೆಲ್ಲ ಹೆಸರಾದದ್ದಕ್ಕೆ ಇವರೇ ಮುಖ್ಯ ಕಾರಣ. ಮಗ ಲಾರ್ಸ್, ಮೊಮ್ಮಗಳು ನಾನ್ನಾ ಇಬ್ಬರೂ ಅದೇ ಕಸುಬು ಹಿಡಿದರು. ಮೂರು ತಲೆಮಾರು.

ಪೈಪು ಕೆತ್ತುವ ಒಬ್ಬರ ಶೆಡ್ಡಿನಲ್ಲಿ ಕೂತು ನೋಡಿದ್ದೇನೆ. ತುಂಡನ್ನು ಕೈಗೆ ತಗೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಒದ್ದೆಯಾದ ಕೂಡಲೇ ಗೆರೆಗಳು ಏಳುತ್ತವೆ. ಒಂದು ಪಕ್ಕ ಉದ್ದ ಗೆರೆ, ಅದಕ್ಕೆ ಅಡ್ಡ ಕೊಯ್ದ ಪಕ್ಕದಲ್ಲಿ ಹಕ್ಕಿಯ ಕಣ್ಣಿನಂಥ ಚುಕ್ಕಿ. ಸ್ಯಾಂಡಿಂಗ್ ಚಕ್ರಕ್ಕೆ ಹಿಡಿದು ಸವೆಸುತ್ತಾರೆ, ಮತ್ತೆ ಒರೆಸುತ್ತಾರೆ, ಮತ್ತೆ ನೋಡುತ್ತಾರೆ. ಮುಕ್ಕಾಲು ಕೆಲಸ ಮುಗಿದ ಮೇಲೆ ಒಂದು ಸಾಸಿವೆ ಕಾಳಿನಷ್ಟು ತೂತು ಕಂಡಿತು. ಗಿಡ ಬೆಳೆಯುವಾಗ ಒಳಗೆ ಸೇರಿದ ಮರಳು. ಆತ ಏನೂ ಹೇಳಲಿಲ್ಲ, ತೆಗೆದು ಡಬ್ಬಕ್ಕೆ ಎಸೆದರು. ಆ ತೂತಿಗೆ ಪುಟ್ಟಿ ತುಂಬಿ, ಬಣ್ಣ ಬಳಿದು ಮಾರುವವರು ಬೇಕಾದಷ್ಟು ಇದ್ದಾರೆ. ಆತ ಮಾರುವುದಿಲ್ಲ. ಆಮೇಲೆ ಆ ಪೈಪಿಗೆ ಸಾವಿರಾರು ಕ್ರೋನ್ ಕೇಳಿದರೆ ಕೊಡಬೇಕು ಅನ್ನಿಸುತ್ತದೆ. (ನಾನು ಕೊಟ್ಟಿಲ್ಲ. ನನ್ನದು ಹಳೇ ಸಾಮಾನಿನ ಸಂತೆಯಲ್ಲಿ ತಂದದ್ದು.)

ಇನ್ನು ಸೇದುವ ಕ್ರಮ. ತಂಬಾಕು ತುಂಬುವಾಗ ಮೊದಲು ಮಗುವಿನ ಕೈಯಲ್ಲಿ, ಆಮೇಲೆ ಹೆಂಗಸಿನ ಕೈಯಲ್ಲಿ, ಕೊನೆಗೆ ಗಂಡಸಿನ ಕೈಯಲ್ಲಿ ಒತ್ತಬೇಕು ಅಂತ ಇವರಲ್ಲಿ ಒಂದು ಹಳೇ ಮಾತಿದೆ. ಅಂದರೆ ತಳದಲ್ಲಿ ಸಡಿಲ, ಮೇಲೆ ಬಿಗಿ. ನಮ್ಮೂರಲ್ಲಿ ಸೊಪ್ಪು ಕಟ್ಟುವ ಹೆಂಗಸರ ಕೈ ನೋಡಿದ್ದರೆ ಆ ಸಾಲು ಬೇರೆ ಥರ ಇರುತ್ತಿತ್ತು, ಇರಲಿ. ಮೊದಲ ಕಡ್ಡಿ ಹಚ್ಚಿದಾಗ ತಂಬಾಕು ಉಬ್ಬಿ ಮೇಲೆ ಬರುತ್ತದೆ. ಅದನ್ನು ಮೆಲ್ಲಗೆ ಅದುಮಿ ಎರಡನೇ ಸಲ ಹಚ್ಚಬೇಕು. ಹೊಗೆಯನ್ನು ಎದೆಗೆ ಎಳೆಯುವಂತಿಲ್ಲ, ಬಾಯಲ್ಲಿ ಆಡಿಸಿ ಬಿಡಬೇಕು. ಅವಸರ ಮಾಡಿದರೆ ನಾಲಿಗೆ ಸುಡುತ್ತದೆ. ಬಟ್ಟಲನ್ನು ಕೆನ್ನೆಗೆ ಮುಟ್ಟಿಸಿ ನೋಡು, ಹಿಡಿಯಲಾರದಷ್ಟು ಬಿಸಿ ಇದ್ದರೆ ಕೆಳಗಿಡು ಅನ್ನುತ್ತಾರೆ. ಸೇದಿ ಮುಗಿದ ಮೇಲೆ ನೂಲು ಸುತ್ತಿದ ತಂತಿ ತೂರಿಸಿ ಒರೆಸಿ, ಆ ಪೈಪಿಗೆ ಕಡಿಮೆ ಅಂದರೂ ಒಂದು ದಿನ ರಜೆ. ಸೇದಲು ಮುಕ್ಕಾಲು ಗಂಟೆ ಬೇಕು, ಮುಂಚೆ ಹಿಂದೆ ಸೇರಿ ಇನ್ನಷ್ಟು. ಇಷ್ಟೆಲ್ಲ ಮಾಡಬೇಕಾದ್ದರಿಂದ ಬಸ್ಸು ಬರುವಷ್ಟರಲ್ಲಿ ಒಂದು ಎಳೆದುಬಿಡೋಣ ಅನ್ನುವ ಹಾಗಿಲ್ಲ.

ನಮ್ಮಲ್ಲಿ ಎಲ್ಲ ನಡೆಯೋದು ಆ ಬಸ್ಸು ಬರುವಷ್ಟರಲ್ಲೇ. ಪೆಟ್ಟಿಗೆ ಅಂಗಡಿಯ ಕಂಬಕ್ಕೆ ನೇತುಹಾಕಿದ ತೆಂಗಿನ ನಾರಿನ ಹಗ್ಗ, ಅದರ ತುದಿಯಲ್ಲಿ ದಿನವಿಡೀ ಆರದ ಕಿಡಿ. ಕಾನೂನು ಬೇಡ ಅಂದರೂ ಬಿಡಿಯಾಗಿ ಸಿಗುವ ಸಿಗರೇಟು. ಹಗ್ಗಕ್ಕೆ ಮುಟ್ಟಿಸು, ಎರಡು ದಮ್ಮು ಎಳಿ, ಕಾಲಲ್ಲಿ ಹೊಸಕು, ಬಸ್ಸು ಹತ್ತು. ಅಜ್ಜಿಯರ ಕಡ್ಡಿಪುಡಿಯೂ ಹಾಗೇ. ದವಡೆಗೆ ಸೇರಿಸಿಕೊಂಡು ರಾಗಿ ಬೀಸಬಹುದು, ಕಳೆ ಕೀಳಬಹುದು. ಕೆಲಸದ ಸಂದಿಯಲ್ಲಿ ಹೊಗೆಸೊಪ್ಪು, ಹೊಗೆಸೊಪ್ಪಿನ ಜೊತೆಗೇ ಕೆಲಸ. ದಿನಕ್ಕೆ ಎಷ್ಟು ಅನ್ನುವ ಲೆಕ್ಕ ಯಾರಿಗೂ ಇರಲ್ಲ. ಕಾಫಿ ತೋಟದ ದೊರೆ, ಹಳೇ ಸಿನಿಮಾದಲ್ಲಿ ನಾಯಕಿಯ ಶ್ರೀಮಂತ ಅಪ್ಪ, ಇವರ ಬಾಯಲ್ಲಿ ಬಿಟ್ಟರೆ ಪೈಪನ್ನು ನಮ್ಮೂರವರು ಕಂಡದ್ದೇ ಇಲ್ಲ. ಇಲ್ಲಿ ಹಾಗಲ್ಲ. ಕೂಟದಲ್ಲಿ ಬಡಗಿ ಇದ್ದಾರೆ, ರೈಲು ಓಡಿಸುತ್ತಿದ್ದವರಿದ್ದಾರೆ, ಮೇಷ್ಟರೊಬ್ಬರಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಡೆಯ ರೀತಿಯೇ ಸರಿ ಅನ್ನಿಸುತ್ತದೆ. ಈ ಕೂಟಕ್ಕೆ ಅಪ್ಪ ಮಗ ಒಟ್ಟಿಗೆ ಬರುತ್ತಾರೆ. ಅಪ್ಪನ ಡಬ್ಬಿಯಿಂದ ಮಗ ತುಂಬಿಕೊಳ್ಳುತ್ತಾನೆ, ಇಬ್ಬರೂ ಒಂದೇ ಕಡ್ಡಿಯಲ್ಲಿ ಹಚ್ಚುತ್ತಾರೆ. ನೋಡೋಕೆ ಚೆಂದ, ಸುಳ್ಳು ಹೇಳಲ್ಲ. ಆದರೆ ನಮ್ಮ ಚಿಕ್ಕಪ್ಪ ಐವತ್ತು ದಾಟಿದ ಮೇಲೂ ತಾತ ಬರುವುದು ಕಂಡರೆ ಬೀಡಿಯನ್ನು ಅಂಗೈಯೊಳಗೆ ಮಡಚಿ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ತಾತನಿಗೆ ಗೊತ್ತಿತ್ತು, ಚಿಕ್ಕಪ್ಪನಿಗೆ ತಾತನಿಗೆ ಗೊತ್ತಿರೋದು ಗೊತ್ತಿತ್ತು. ನಾಟಕವೇ, ಒಪ್ಪಿದೆ. ಆದರೂ ಇದು ಒಳ್ಳೆಯದಲ್ಲ ಅನ್ನುವ ತಿಳಿವಳಿಕೆಯನ್ನು ಆ ನಾಟಕ ಜೀವಂತ ಇಟ್ಟಿತ್ತು. ಇಲ್ಲಿ ಕುಶಲ ಕೆಲಸದ ಪೈಪು, ಚರ್ಮದ ಚೀಲ, ರಮ್ಮು, ವೆನಿಲ್ಲಾ ಬೆರೆಸಿದ ಘಮಘಮ ಮಿಶ್ರಣ ಎಲ್ಲ ಸೇರಿ ಅದನ್ನು ಮರೆಸಿಬಿಡುತ್ತವೆ. ಹೊಗೆ ಎದೆಗೆ ಇಳಿಸದಿದ್ದರೂ ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ, ಶ್ವಾಸಕೋಶದ್ದೂ ತಪ್ಪಿದ್ದಲ್ಲ. ಕಡ್ಡಿಪುಡಿ ನಮ್ಮ ಮನೆಯಲ್ಲೇ ಒಬ್ಬರ ದವಡೆ ತೆಗೆಸಿದೆ. ಹಾಗಾಗಿ ಪೈಪು ಸೇದೋದು ಸಿಗರೇಟಿನ ಹಾಗಲ್ಲ, ಅದೊಂದು ಕಲೆ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಕಾಫಿ ತರೋಕೆ ಹೋಗುತ್ತೇನೆ.

ಈಗ ಸೊಪ್ಪಿನ ಮಾತು. ಕೂಟದಲ್ಲಿ ಒಬ್ಬ ಹಿರಿಯರಿದ್ದಾರೆ, ಎಂಬತ್ತು ದಾಟಿದೆ. ಅವರನ್ನು ಹೆಸರು ಹಿಡಿದು ಕರೆಯಬೇಕು ಇಲ್ಲಿ, ನನಗೆ ಇವತ್ತಿಗೂ ಬಾಯಿ ಬರಲ್ಲ. ಅವರು ನಮ್ಮ ಕಡೆಯೂ ಬೆಳೆಯುವ ವರ್ಜೀನಿಯಾ ತಂಬಾಕು ಬಿಟ್ಟು ಬೇರೆ ಸೇದುವುದಿಲ್ಲ. ಅದರ ಸಿಹಿಯ ಬಗ್ಗೆ ಮಾತಾಡಲು ಕೂತರೆ ಒಣಹುಲ್ಲು, ಜೇನು, ಕಿತ್ತಳೆ ಸಿಪ್ಪೆ ಅಂತ ಸಾಗುತ್ತದೆ. ಆ ಸಿಹಿ ಎಲ್ಲಿಂದ ಬರುತ್ತದೆ ಗೊತ್ತಾ ಅಂತ ಒಂದು ಸಲ ಕೇಳಿದೆ. ಮಣ್ಣಿನಿಂದ ಅಂದರು. ಮಣ್ಣೂ ಹೌದು, ಆದರೆ ಜಾಸ್ತಿ ಪಾಲು ಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನಿಂದ.

ಅವರಿಗೆ ಬ್ಯಾರನ್ ವಿವರಿಸಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬಸ್ಸಲ್ಲಿ ಹೋದವರೆಲ್ಲ ನೋಡಿರುತ್ತೀರಿ, ಹೊಲದ ಅಂಚಿನಲ್ಲಿ ನಿಂತ ಎತ್ತರದ ಕಿಟಕಿಯಿಲ್ಲದ ಮನೆ. ಗಿಡದ ಬುಡದಿಂದ ಶುರು ಮಾಡಿ ಹಣ್ಣಾದ ಎಲೆ ಮಾತ್ರ ಮುರಿಯಬೇಕು, ಒಂದು ಸಲಕ್ಕೆ ಎರಡೋ ಮೂರೋ. ಕೈಗೆ ಕಪ್ಪನೆ ಅಂಟು ಹತ್ತುತ್ತದೆ, ಸೋಪಿಗೆ ಬಗ್ಗಲ್ಲ. ಒದ್ದೆ ಎಲೆ ಮುರಿದ ದಿನ ಕೆಲವರಿಗೆ ತಲೆ ಸುತ್ತಿ ವಾಂತಿ ಬರುತ್ತದೆ, ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ. ಎಲೆಗಳನ್ನು ಕಡ್ಡಿಯ ಎರಡೂ ಪಕ್ಕ ದಾರದಲ್ಲಿ ಕಟ್ಟಿ, ಬ್ಯಾರನ್ ಒಳಗೆ ಅಂತಸ್ತು ಅಂತಸ್ತಾಗಿ ಏರಿಸುತ್ತಾರೆ. ಹೊರಗೆ ಒಲೆ. ಬಿಸಿ ಹೋಗೋದು ನೆಲದ ಮೇಲೆ ಓಡುವ ತಗಡಿನ ಕೊಳವೆಯೊಳಗೆ. ಸೌದೆಯ ಹೊಗೆ ಸೊಪ್ಪಿಗೆ ಮುಟ್ಟುವಂತಿಲ್ಲ. ಶುರುವಿನಲ್ಲಿ 35-40 ಡಿಗ್ರಿ ಅಷ್ಟೇ, ಎಲೆ ಹಳದಿ ತಿರುಗುವವರೆಗೆ. ಎಲೆಯೊಳಗಿನ ಪಿಷ್ಟ ಸಕ್ಕರೆಯಾಗೋದು ಈ ಹೊತ್ತಿನಲ್ಲೇ. ಆಮೇಲೆ ಮೆಲ್ಲಗೆ ಏರಿಸುತ್ತಾ, ಕೊನೆಗೆ ನಡುದಂಟು ಒಣಗಲು 70ರ ಹತ್ತಿರ. ಒಟ್ಟು ಐದಾರು ದಿನ. ಬೇಗ ಏರಿಸಿದರೆ ಹಸಿರು ಹಾಗೇ ಉಳಿದುಬಿಡುತ್ತದೆ, ತಡವಾದರೆ ಸಕ್ಕರೆ ಹೋಗಿ ಕಂದು ತಿರುಗುತ್ತದೆ. ಹಾಗಾಗಿ ರಾತ್ರಿ ಯಾರಾದರೂ ಒಲೆ ಮುಂದೆ ಎದ್ದೇ ಇರಬೇಕು. ಒಂದು ಕಡ್ಡಿ ಜಾರಿ ಬಿಸಿ ಕೊಳವೆ ಮೇಲೆ ಬಿದ್ದರೆ ಇಡೀ ಬ್ಯಾರನ್ ಹೊತ್ತಿಕೊಳ್ಳಬಹುದು. ಪ್ರತಿ ವರ್ಷ ಎಲ್ಲೋ ಒಂದು ಕಡೆ ಆಗುತ್ತದೆ.

ಹಿರಿಯರು ಪೈಪು ಆರಿದ್ದು ಗೊತ್ತಾಗದೆ ಕೇಳುತ್ತಿದ್ದರು. ಆಮೇಲೆ ಎರಡೇ ಪ್ರಶ್ನೆ. ಸೌದೆ ಎಲ್ಲಿಂದ? ರೈತನಿಗೆ ಎಷ್ಟು ಸಿಗುತ್ತದೆ? ಮೊದಲನೆಯದಕ್ಕೆ ಉತ್ತರ ಹೇಳಲು ನನಗೆ ಮುಜುಗರ. ಸುತ್ತಲಿನ ಮರಗಳನ್ನು ಈ ಒಲೆಗಳು ಬೇಕಾದಷ್ಟು ತಿಂದಿವೆ. ಎರಡನೆಯದಕ್ಕೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ, ಕಟ್ಟೆಮಳಲವಾಡಿಯಲ್ಲಿ ಸಾಲಾಗಿ ಇಟ್ಟ ಸೊಪ್ಪಿನ ಬೇಲುಗಳು, ಅದರ ಮುಂದೆ ನಡೆದುಕೊಂಡು ಹೋಗುತ್ತಲೇ ಬೆಲೆ ಹಾಕುವ ಕಂಪನಿಯವರು, ಎಲ್ಲ ಹೇಳಿದೆ. ಐದಾರು ರಾತ್ರಿ ಕಾದ ಸೊಪ್ಪಿನ ಹಣೆಬರಹ ತೀರ್ಮಾನ ಆಗಲು ಕೆಲವು ಸೆಕೆಂಡು ಸಾಕು. ದರ್ಜೆ ಕಡಿಮೆ ಅಂತಾದರೆ ಮುಗಿಯಿತು.

ಈಚೆಗೆ ಬೆಂಗಳೂರಿನಲ್ಲೂ ಪೈಪು ಹವ್ಯಾಸ ಶುರು ಮಾಡೋಣ ಅಂತ ಕೆಲವು ಹುಡುಗರು ನನ್ನನ್ನು ಕೇಳುತ್ತಾರೆ, ಯಾವುದು ತಗೊಳ್ಳಲಿ ಅಂತ. ಸೇದದೆ ಇರುವವರಿಗೆ ನನ್ನ ಉತ್ತರ: ಬೇಡ. ನಿಧಾನವಾಗಿ ಕೂರೋದು ಬೇಕಿದ್ದರೆ ಗಾಳ ಹಾಕಿ ಮೀನು ಹಿಡಿಯಿರಿ. ಈಗಾಗಲೇ ದಿನಕ್ಕೆ ಪ್ಯಾಕುಗಟ್ಟಲೆ ಸಿಗರೇಟು ಸೇದುವವರು ಇದಕ್ಕೆ ಬದಲಾದರೆ ಅಪಾಯ ತಪ್ಪುತ್ತದೆ ಅಂತಲೂ ನಂಬಬೇಡಿ. ಅಂಥವರು ಪೈಪಿನ ಹೊಗೆಯನ್ನೂ ಅಭ್ಯಾಸಬಲದಿಂದ ಎದೆಗೇ ಎಳೆಯುತ್ತಾರೆ.

ಮುಂದಿನ ತಿಂಗಳ ಕೂಟದಲ್ಲಿ ಮರದ ಬದಲು ಸೊಪ್ಪಿನ ಬಗ್ಗೆ ಮಾತಾಡೋಣ, ನೀನೇ ಹೇಳು ಅಂದಿದ್ದಾರೆ. ಬ್ಯಾರನ್ ವಿಡಿಯೊ ಬೇಕಿತ್ತು, ಊರಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ, ಅವರು ಸೇದೋ ಆ ಪೈಪಿಗೆ ಎಷ್ಟು ಅಂತ. ಹೇಳಿದೆ. "ಅಣ್ಣ, ಆ ದುಡ್ಡಿಗೆ ಒಂದು ಲೋಡ್ ಸೌದೆ ಬತ್ತದಲ್ಲಣ್ಣ" ಅಂದ. ವಿಡಿಯೊ ಕಳಿಸುತ್ತಾನಂತೆ. ಆದರೆ ಸೊಪ್ಪು ಏರಿಸುವ ದಿನ ನೆನಪು ಮಾಡಬೇಕಾದವನು ನಾನೇ, ಅವತ್ತು ಅವನಿಗೆ ಪುರುಸೊತ್ತಿರಲ್ಲ.