ದೊಡ್ಡ ಬೆಕ್ಕು ಒಗ್ಗುವುದಿಲ್ಲ ಎನ್ನುವವರಿಗೆ

ಇಂದು ಬೆಳಿಗ್ಗೆ ಕಂಡದ್ದನ್ನು ಬರೆಯದೆ ನನಗೆ ನಿದ್ದೆ ಬರಲಾರದು. ವಾರಕ್ಕೊಮ್ಮೆ ಪ್ರಾಣಿಗಳ ಆಶ್ರಯಧಾಮಕ್ಕೆ ಗೂಡು ತೊಳೆಯಲು ಹೋಗುತ್ತೇನೆಂಬುದು ನಿಮಗೆಲ್ಲ ಗೊತ್ತೇ ಇದೆ. ಇಂದು ಬೆಕ್ಕು ದತ್ತು ಪಡೆಯಲು ಒಂದು ಕುಟುಂಬ ಬಂದಿತ್ತು. ಅವರ ಪುಟ್ಟ ಹುಡುಗಿ ಕೊನೆಯ ಸಾಲಿನ ಗೂಡೊಂದರ ಮುಂದೆ ಕುಳಿತು, ಜಾಲರಿಗೆ ಬೆರಳು ತಾಗಿಸಿ ಸುಮ್ಮನೆ ಕಾಯುತ್ತಿದ್ದಳು. ಒಳಗಿದ್ದ ಆರು ವರ್ಷದ ಬೂದು ಬೆಕ್ಕು ಮೂಲೆಯಿಂದ ಎದ್ದು ಬಂದು, ಬೆರಳನ್ನು ಮೂಸಿ, ಅದರ ಮೇಲೆಯೇ ಕೆನ್ನೆ ಉಜ್ಜಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿರುತ್ತವೆ. ತನ್ನದೆನಿಸಿದ್ದಕ್ಕೆ ಅದು ಗುರುತು ಹಾಕುವುದು ಹೀಗೆಯೇ. ಅಷ್ಟರಲ್ಲಿ ತಂದೆ ಬಂದು, "ಇದು ಬೇಡ ಬಾ, ದೊಡ್ಡ ಬೆಕ್ಕು ಒಗ್ಗುವುದಿಲ್ಲ" ಎಂದು ಮಗುವಿನ ಕೈಹಿಡಿದು ಮರಿಗಳಿದ್ದ ಕಡೆಗೆ ಕರೆದುಕೊಂಡು ಹೋದರು. ಬೆರಳಿದ್ದ ಜಾಗಕ್ಕೆ ಬೆಕ್ಕು ಇನ್ನೂ ಎರಡು ಸಲ ಕೆನ್ನೆ ಒತ್ತಿತು.

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಂದವರಲ್ಲಿ ಒಬ್ಬರಾದರೂ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಗಾದೆಯನ್ನೂ ಸೇರಿಸುತ್ತಾರೆ. ಅವರಿಗೆ ತಿಳಿಯದಿರುವುದು ಇಷ್ಟೇ: ಮನುಷ್ಯರ ಸಹವಾಸಕ್ಕೆ ಬೆಕ್ಕಿನ ಮರಿ ಅತ್ಯಂತ ಸುಲಭವಾಗಿ ಒಗ್ಗಿಕೊಳ್ಳುವುದು ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ. ಮರಿಯನ್ನು ತಾಯಿಯಿಂದ ಬೇರ್ಪಡಿಸಿ ದತ್ತು ಕೊಡುವುದೇ ಎಂಟು ವಾರ ತುಂಬಿದ ಮೇಲೆ. ಗಿಡ ಬಗ್ಗುವ ಕಾಲದ ಹೆಚ್ಚಿನ ಪಾಲು ನಾವು ಅದನ್ನು ನೋಡುವ ಮೊದಲೇ ಕಳೆದಿರುತ್ತದೆ. ಆ ಮರಿ ಮುಂದೆ ಮಡಿಲೇರುವ ಬೆಕ್ಕಾಗುವುದೋ, ಮುಟ್ಟಿದರೆ ಸಿಡುಕುವ ಬೆಕ್ಕಾಗುವುದೋ ಯಾರೂ ಖಚಿತವಾಗಿ ಹೇಳಲಾರರು. ಆರು ವರ್ಷದ ಬೆಕ್ಕಿನ ಸ್ವಭಾವವಾದರೋ ಕಣ್ಣಮುಂದೆಯೇ ಇದೆ. ಆ ಹುಡುಗಿ ಅದನ್ನು ಎರಡೇ ನಿಮಿಷದಲ್ಲಿ ಕಂಡುಕೊಂಡಿದ್ದಳು.

ಗೂಡಿನ ಮೂಲೆಯಲ್ಲಿ ಮುದುಡಿ ಕುಳಿತ ಬೆಕ್ಕನ್ನು ನೋಡಿ "ಇದಕ್ಕೆ ಜನರೆಂದರೆ ಆಗದು" ಎಂದು ತೀರ್ಪು ಕೊಡುವವರನ್ನು ಕಂಡರೂ ನನಗೆ ಅಷ್ಟೇ ಸಂಕಟವಾಗುತ್ತದೆ. ಅದು ಸ್ವಭಾವವಲ್ಲ, ಭಯ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಅಡಗಿಕೊಳ್ಳಲು ಒಂದು ಪೆಟ್ಟಿಗೆ ಸಿಕ್ಕವುಗಳು ಉಳಿದವುಗಳಿಗಿಂತ ಬೇಗ ಚೇತರಿಸಿಕೊಂಡವು. ಬರಿಯ ಒಂದು ಪೆಟ್ಟಿಗೆ!

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಚುಕ್ಕಿಯನ್ನು ನಾನೇ ಮೆಚ್ಚಿ ಆರಿಸಿಕೊಂಡೆನೆಂದು ನಿಮಗೆಲ್ಲ ಹೇಳಿದ್ದೇನೆ, ಅದು ನಿಜವಲ್ಲ. ನಾನೂ ಮರಿಯನ್ನೇ ಹುಡುಕಿಕೊಂಡು ಹೋಗಿದ್ದೆ. ಮರಿಗಳೆಲ್ಲ ಹೊರಟುಹೋಗಿದ್ದವು. ಹಿಂದಿನ ಮನೆಯವರು ಊರು ಬಿಡುವಾಗ ಒಪ್ಪಿಸಿಹೋಗಿದ್ದ ಏಳು ವರ್ಷದ ಚುಕ್ಕಿ ಉಳಿದಿದ್ದಳು. ಮನೆಗೆ ಬಂದವಳೇ ಬೀರುವಿನ ಹಿಂದೆ ಸೇರಿಕೊಂಡಳು. ನಾಲ್ಕನೆಯ ದಿನ ಅವಳನ್ನು ಹಿಂದಿರುಗಿಸುವುದೆಂದು ನಿಶ್ಚಯಿಸಿ ಫೋನ್ ಮಾಡಿದೆ. ಅಲ್ಲಿನ ಹಿರಿಯ ಕೆಲಸಗಾರ್ತಿ ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಇಟ್ಟ ಬಟ್ಟಲು ಬೆಳಿಗ್ಗೆ ಖಾಲಿಯಾಗಿರುತ್ತದೆಯೇ?" ಹೌದೆಂದೆ. "ಹಾಗಾದರೆ ಕಾಯಿರಿ. ಏನನ್ನೂ ತಿನ್ನದೆ ಇಡೀ ಒಂದು ದಿನ ಕಳೆದರೆ ಮಾತ್ರ ವೈದ್ಯರಿಗೆ ತೋರಿಸಿ, ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ" ಎಂದರು.

ಹನ್ನೊಂದನೆಯ ರಾತ್ರಿ ದೀಪ ಆರಿಸದೆ ಓದುತ್ತಾ ಕುಳಿತಿದ್ದಾಗ ನೆಲದ ಮೇಲೆ ಉಗುರಿನ ಸಣ್ಣ ಸದ್ದು ಕೇಳಿಸಿತು. ಚುಕ್ಕಿ ಒಂದು ಮಾರು ದೂರದಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ನಾನು ನಿಧಾನವಾಗಿ ಕಣ್ಣು ಮುಚ್ಚಿ ತೆರೆದೆ. ಮನುಷ್ಯರು ಹೀಗೆ ಮಾಡಿದರೆ ಬೆಕ್ಕುಗಳು ಹಾಗೆಯೇ ಉತ್ತರಿಸುವುದು ಹೆಚ್ಚೆಂದು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಆದರೆ ಆ ಹೊತ್ತಿನಲ್ಲಿ ನನಗೆ ಯಾವ ಸಂಶೋಧನೆಯೂ ನೆನಪಿರಲಿಲ್ಲ. ಚುಕ್ಕಿಯ ಕಣ್ಣುಗಳು ಅರ್ಧ ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ಆಮೇಲೆ ಬಂದು ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗಿದಳು. ಅವಳ ಗಂಟಲಿನ ಗುರ್‌ಗುರ್ ಮೂಳೆಯವರೆಗೂ ತಾಗುತ್ತಿತ್ತು, ಬೆಳಗಾಗುವವರೆಗೆ ನಾನು ಕಾಲು ಅಲುಗಿಸಲಿಲ್ಲ. ಈ ಬೆಕ್ಕನ್ನೇ ನಾನು ವಾಪಸು ಕಳಿಸಲು ಹೊರಟಿದ್ದೆ.

ದೊಡ್ಡ ಬೆಕ್ಕು ಹೆಚ್ಚು ಕಾಲ ಜೊತೆಗಿರುವುದಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಚೆನ್ನಾಗಿ ನೋಡಿಕೊಂಡ ಮನೆಬೆಕ್ಕು ಹದಿನೈದು ವರ್ಷ ಬದುಕುವುದು ಅಪರೂಪವೇನಲ್ಲ. ಆರು ವರ್ಷದ್ದನ್ನು ತಂದರೆ ಇನ್ನೂ ಒಂಬತ್ತು ವರ್ಷ ಉಳಿಯಿತು. ಅದು ಕಡಿಮೆಯೆನ್ನುವವರೊಡನೆ ನನಗೆ ವಾದವಿಲ್ಲ. ಆದರೆ ಮರಿಯನ್ನು ಒಯ್ದು, ಸಂತಾನಹರಣ ಚಿಕಿತ್ಸೆಯನ್ನು ಇಂದು ನಾಳೆ ಎಂದು ಮುಂದೂಡಿ, ಕೊನೆಗೆ ಅದರ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ನಮ್ಮ ಬಾಗಿಲಿಗೇ ತಂದಿಟ್ಟವರನ್ನು ನಾನು ನೋಡಿದ್ದೇನೆ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಗಬ್ಬವಾಗಬಲ್ಲದು, ಒಂಬತ್ತು ವಾರಕ್ಕೆ ಹೆರುತ್ತದೆ. ಆ ಬೂದು ಬೆಕ್ಕಿಗಾದರೋ ಚಿಕಿತ್ಸೆಯೂ ಆಗಿದೆ, ಲಸಿಕೆಯೂ ಆಗಿದೆ.

ಅದು ಕೊನೆಯ ಸಾಲಿನಲ್ಲಿ, ಎಡಗಡೆಯಿಂದ ಮೂರನೆಯ ಗೂಡಿನಲ್ಲಿದೆ. ಬರುವ ಮನಸ್ಸಿದ್ದವರು ನನಗೆ ತಿಳಿಸಿ, ಜೊತೆಗೆ ನಾನೂ ಬರುತ್ತೇನೆ. ಬಂದಾಗ ಕೈಯೊಡ್ಡಿ ಕರೆಯಬೇಡಿ. ಜಾಲರಿಗೆ ಬೆರಳು ತಾಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ.